ವೈರ್‌ಲೆಸ್ ಮೌಸ್ ಕೈಕೊಟ್ಟಾಗ: ಬೆಟ್ಟ ಅಗೆಯುವ ಮೊದಲು ನೋಡಬೇಕಾದ್ದು

ಮೌಸ್ ಎಷ್ಟು ಅಲ್ಲಾಡಿಸಿದರೂ ಪರದೆಯ ಮೇಲಿನ ಬಾಣ ಕದಲದಿದ್ದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ‘ಮೌಸ್ ಡ್ರೈವರ್’ (ಮೌಸ್ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ) ಎಂದು ಹುಡುಕಿ ಸಿಕ್ಕಿದ್ದನ್ನು ಇಳಿಸಿಕೊಳ್ಳುವುದು. ಬೆಟ್ಟ ಅಗೆದು ಇಲಿ ಹಿಡಿಯುವುದು ಅಂದರೆ ಇದೇ. ಸಾಮಾನ್ಯ ಮೌಸ್‌ಗೆ ಬೇಕಾದ ಡ್ರೈವರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಮೊದಲೇ ಇರುತ್ತದೆ. ಕಂಪನಿಯ ಸಾಫ್ಟ್‌ವೇರ್ ಬೇಕಾಗುವುದು ಹೆಚ್ಚುವರಿ ಬಟನ್‌ಗಳಿಗೆ ಕೆಲಸ ಹಚ್ಚಲು, ಕೆಲವು ಮೌಸ್‌ಗಳಲ್ಲಿ ರಿಸೀವರ್‌ಗೆ ಮತ್ತೆ ಜೋಡಿಸಲು. ಗೊತ್ತುಗುರಿಯಿಲ್ಲದ ತಾಣದಿಂದ ತಂದ ‘ಡ್ರೈವರ್ ಅಪ್‌ಡೇಟರ್’ ಹಾಕಿಕೊಂಡರೆ ಮೌಸ್ ಸರಿಹೋಗುವುದು ಹಾಗಿರಲಿ, ಲ್ಯಾಪ್‌ಟಾಪಿಗೇ ಹೊಸ ಕಾಯಿಲೆ ಅಂಟಬಹುದು.

ದೋಷ ಇರಬಹುದಾದ ಜಾಗ ಮೂರೇ: ಮೌಸ್, ಅದರ ಸಂಕೇತ ಹಿಡಿಯುವ ರಿಸೀವರ್, ಲ್ಯಾಪ್‌ಟಾಪ್. ಮೂರರಲ್ಲಿ ಯಾವುದು ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಕೆಳಗಿನ ಕ್ರಮ ಇರುವುದೇ ಅದಕ್ಕೆ: ಅಗ್ಗದ, ಸುಲಭದ ಪರೀಕ್ಷೆಗಳು ಮೊದಲು, ತಲೆನೋವಿನವು ಕೊನೆಗೆ.

ನಿಮ್ಮದು ಯಾವ ಬಗೆಯ ಮೌಸ್?

ವೈರ್‌ಲೆಸ್ ಮೌಸ್‌ಗಳಲ್ಲಿ ಎರಡು ಬಗೆ. ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸುವ ಉಗುರಿನಷ್ಟು ಡಾಂಗಲ್ (ಮೇಲೆ ಹೇಳಿದ ರಿಸೀವರ್ ಇದೇ) ಜೊತೆ ಬರುವುದು ಒಂದು; ಇದು 2.4 ಗಿಗಾಹರ್ಟ್ಸ್ ರೇಡಿಯೊದಲ್ಲಿ ತನ್ನ ಡಾಂಗಲ್ ಜೊತೆ ಮಾತ್ರ ಮಾತಾಡುತ್ತದೆ. ಡಾಂಗಲ್ ಇಲ್ಲದೆ ಲ್ಯಾಪ್‌ಟಾಪಿನೊಳಗಿನ ಬ್ಲೂಟೂತ್‌ಗೆ ನೇರವಾಗಿ ಸೇರುವುದು ಇನ್ನೊಂದು. ಎರಡೂ ಇರುವ ಮೌಸ್‌ಗಳ ಅಡಿಯಲ್ಲಿ ಸಾಮಾನ್ಯವಾಗಿ ಒಂದು ಸ್ವಿಚ್ ಇರುತ್ತದೆ. ಚೀಲದಲ್ಲಿ ಉಜ್ಜಿ ಆ ಸ್ವಿಚ್ ಬ್ಲೂಟೂತ್ ಕಡೆಗೆ ಜರುಗಿದ್ದರೆ ಡಾಂಗಲ್ ಸಿಕ್ಕಿಸಿಯೂ ಪ್ರಯೋಜನವಿಲ್ಲ.

ಮೌಸನ್ನು ಮಗುಚಿ ನೋಡಿ. ಬ್ಲೂಟೂತ್ ಗುರುತು ಇಲ್ಲ, ಆನ್-ಆಫ್ ಸ್ವಿಚ್ ಮಾತ್ರ ಇದೆ ಅಂದರೆ ಬಹುಮಟ್ಟಿಗೆ ಅದು ಡಾಂಗಲ್ ಮೌಸ್. ಡಾಂಗಲ್ ಎಲ್ಲೂ ಕಾಣದಿದ್ದರೆ ಬ್ಯಾಟರಿ ಮುಚ್ಚಳ ತೆಗೆದು ನೋಡಿ. ಹಲವು ಮೌಸ್‌ಗಳಲ್ಲಿ ಬ್ಯಾಟರಿಯ ಪಕ್ಕದಲ್ಲೇ ಅದಕ್ಕೊಂದು ಗೂಡು ಇರುತ್ತದೆ. ಹೊಸ ಮೌಸ್ ‘ಓಡುತ್ತಿಲ್ಲ’ ಅನ್ನುವವರ ಡಾಂಗಲ್ ಎಷ್ಟೋ ಸಲ ಅಲ್ಲೇ ಮಲಗಿರುತ್ತದೆ. ಅಡಿಯಲ್ಲಿ 1, 2, 3 ಎಂಬ ಅಂಕಿಗಳಿದ್ದರೆ ಅದು ಮೂರು ಸಾಧನಗಳಿಗೆ ಸೇರಬಲ್ಲ ಮೌಸ್. ಬಟನ್ ಅಕಸ್ಮಾತ್ ಒತ್ತಿಹೋಗಿ 2ಕ್ಕೆ ಬಂದಿದ್ದರೆ ಮೌಸ್ ಚೆನ್ನಾಗಿಯೇ ಇದೆ, ಬೇರೆ ಯಾವುದೋ ಸಾಧನವನ್ನು ಹುಡುಕುತ್ತಿದೆ ಅಷ್ಟೆ.

ಅಲ್ಲಿಯವರೆಗೆ ಕೆಲಸ ನಡೆಯಬೇಕಲ್ಲ

ಟಚ್‌ಪ್ಯಾಡ್ ಇದ್ದರೆ ಚಿಂತೆಯಿಲ್ಲ. ಅದೂ ಸತ್ತಂತಿದ್ದರೆ ಡಾಂಗಲ್ ಕಿತ್ತು ನೋಡಿ. ಮೌಸ್ ಸೇರಿದ ಕೂಡಲೇ ಟಚ್‌ಪ್ಯಾಡ್ ಆಫ್ ಮಾಡುವ ಆಯ್ಕೆ ವಿಂಡೋಸ್‌ನಲ್ಲಿದೆ. ಲ್ಯಾಪ್‌ಟಾಪ್ ಲೆಕ್ಕದಲ್ಲಿ ಡಾಂಗಲ್ ಇದ್ದರೆ ಮೌಸ್ ಇದ್ದಂತೆ.

ಕೀಬೋರ್ಡ್ ಒಂದರಿಂದಲೇ ವಿಂಡೋಸ್ ನಡೆಸುವುದು ಕಷ್ಟವಲ್ಲ. ವಿಂಡೋಸ್ ಕೀ ಜೊತೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಬಳಿಕ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್, ಅಂದರೆ ಲ್ಯಾಪ್‌ಟಾಪಿನ ಸಾಧನಗಳ ಪಟ್ಟಿ. ಟ್ಯಾಬ್ ಒತ್ತಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಿ, ಬಾಣದ ಕೀಗಳಿಂದ ಸಾಲು ಆರಿಸಿ, ಸ್ಪೇಸ್ ಒತ್ತಿ ಟಿಕ್ ಹಾಕಿ ಅಥವಾ ತೆಗೆಯಿರಿ. ರೈಟ್ ಕ್ಲಿಕ್ ಬೇಕಾದಲ್ಲಿ ಶಿಫ್ಟ್ ಮತ್ತು ಎಫ್10.

ಬ್ಯಾಟರಿ: ದೀಪ ಹೊತ್ತಿದರೆ ಸಾಲದು

ಅಡಿಯಲ್ಲಿ ಕೆಂಪು ದೀಪ ಹೊಳೆಯುತ್ತಿದೆ, ಹಾಗಾಗಿ ಬ್ಯಾಟರಿ ಸರಿ ಇದೆ ಅನ್ನುವುದು ಅತಿ ಸಾಮಾನ್ಯವಾದ ತಪ್ಪು ಲೆಕ್ಕ. ದೀಪ ಉರಿಸಲು ಸಾಕಾಗುವ ಬ್ಯಾಟರಿ ರೇಡಿಯೊವನ್ನು ಸರಿಯಾಗಿ ನಡೆಸಲು ಸಾಲದೆ ಹೋಗಬಹುದು. ಬಾಣ ತಡೆತಡೆದು ಓಡುವುದು, ಮೌಸನ್ನು ಡಾಂಗಲ್ ಹತ್ತಿರ ತಂದಾಗ ಮಾತ್ರ ಕೆಲಸ ಮಾಡುವುದು ಬ್ಯಾಟರಿ ಸೋಲುತ್ತಿರುವ ಲಕ್ಷಣ. ಇದಕ್ಕೆ ತಿರುವುಮುರುವಾಗಿ, ದೀಪವೇ ಕಾಣದಿದ್ದರೆ ಮೌಸ್ ಸತ್ತಿದೆ ಎಂದೂ ಅಲ್ಲ. ಅನೇಕ ಮೌಸ್‌ಗಳಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿರುತ್ತದೆ. ಫೋನಿನ ಕ್ಯಾಮೆರಾ ಮೂಲಕ ನೋಡಿದರೆ ಕೆಲವೊಮ್ಮೆ ಮಸುಕಾದ ನೇರಳೆ ಚುಕ್ಕೆಯಾಗಿ ಕಾಣುತ್ತದೆ.

ಮಲ್ಟಿಮೀಟರ್ ಇದ್ದರೆ ಡಿಸಿ ವೋಲ್ಟೇಜ್‌ಗೆ ತಿರುಗಿಸಿ ಸೆಲ್ ಅಳೆಯಿರಿ. ಹೊಸ ಆಲ್ಕಲೈನ್ ಸೆಲ್ 1.5ರಿಂದ 1.6 ವೋಲ್ಟ್ ತೋರಿಸುತ್ತದೆ. 1.2ಕ್ಕೆ ಇಳಿದಿದ್ದರೆ ಹೆಚ್ಚು ದಿನ ಬಾರದು, 1.1ಕ್ಕಿಂತ ಕೆಳಗಿದ್ದರೆ ಬದಲಿಸಿ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗೆ ಈ ಲೆಕ್ಕ ಹಿಡಿಯಬೇಡಿ, ಅದರ ಸಹಜ ವೋಲ್ಟೇಜೇ 1.2. ಮೀಟರ್ ಇಲ್ಲದಿದ್ದರೆ ಹೊಸ ಸೆಲ್ ಹಾಕಿ ನೋಡುವುದೇ ಪರೀಕ್ಷೆ. ರಿಮೋಟ್‌ನಿಂದ ಕಿತ್ತ ಸೆಲ್ ಹೊಸದರ ಲೆಕ್ಕವಲ್ಲ: ಆಗೊಮ್ಮೆ ಈಗೊಮ್ಮೆ ಒತ್ತುವ ರಿಮೋಟ್ ಅರೆಜೀವದ ಸೆಲ್‌ನಲ್ಲೂ ನಡೆಯುತ್ತದೆ. ಎರಡು ಸೆಲ್ ಬೇಕಾದ ಮೌಸ್‌ನಲ್ಲಿ ಹಳೆಯದೊಂದು, ಹೊಸದೊಂದು ಬೆರೆಸಬೇಡಿ.

ಸೆಲ್ ತೆಗೆದಾಗ ಸ್ಪ್ರಿಂಗ್ ಕಡೆ ಒಮ್ಮೆ ಬೆಳಕು ಬಿಟ್ಟು ನೋಡಿ. ಉಪ್ಪಿನ ಹರಳಿನಂಥ ಬಿಳಿ ಪುಡಿ, ಅದರ ಬುಡದಲ್ಲಿ ಹಸಿರು ಕಲೆ ಇದ್ದರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ; ಕೈಗೆ, ಕಣ್ಣಿಗೆ ತಾಗಿಸಿಕೊಳ್ಳಬೇಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯ ತುದಿಗೆ ಒಂದು ಹನಿ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಆ ಪುಡಿಯ ಮೇಲೆ ಒತ್ತಿದರೆ ಸಣ್ಣಗೆ ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಒಣ ಕಡ್ಡಿಯಿಂದ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇನ್ನೊಂದು ಕಡ್ಡಿಯಿಂದ ಮತ್ತೆ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಸ್ಪ್ರಿಂಗ್ ಕುಗ್ಗಿ ಕೂತಿದ್ದರೆ ಚಿಮಟದಿಂದ ಒಂದೆರಡು ಮಿಲಿಮೀಟರ್ ಹೊರಗೆಳೆಯಿರಿ. ಸ್ಪ್ರಿಂಗ್ ತುಕ್ಕು ತಿಂದು ಮುರಿಯುವ ಹಂತದಲ್ಲಿದ್ದರೆ ಆ ಮೌಸ್‌ನ ಕಥೆ ಮುಗಿಯಿತು ಅನ್ನಿ.

ಒಳಗೇ ಬ್ಯಾಟರಿ ಇರುವ, ಚಾರ್ಜ್ ಮಾಡುವ ಮೌಸ್ ಆದರೆ ಕನಿಷ್ಠ ಹದಿನೈದು ನಿಮಿಷ ಚಾರ್ಜ್‌ಗೆ ಹಾಕಿ ಆಮೇಲೆ ನೋಡಿ. ಕೇಬಲ್ ಸಿಕ್ಕಿಸಿದಾಗ ವೈರಿನ ಮೌಸ್‌ನಂತೆ ಕೆಲಸ ಮಾಡುವ ಮಾದರಿಗಳೂ ಇವೆ, ಬರೀ ಚಾರ್ಜ್ ಆಗುವವೂ ಇವೆ. ಆಪಲ್ ಮ್ಯಾಜಿಕ್ ಮೌಸ್ 2ರಿಂದ ಈಚೆಗೆ ಚಾರ್ಜಿಂಗ್ ಕಿಂಡಿ ಹೊಟ್ಟೆಯ ಅಡಿಯಲ್ಲೇ ಇದೆ. ಚಾರ್ಜ್‌ಗೆ ಹಾಕಿದಾಗ ಅದನ್ನು ಬಳಸುವಂತಿಲ್ಲ. 2024ರಲ್ಲಿ ಯುಎಸ್‌ಬಿ-ಸಿ ಬಂದರೂ ಕಿಂಡಿಯ ಜಾಗ ಬದಲಾಗಲಿಲ್ಲ.

ಡಾಂಗಲ್

ಡಾಂಗಲ್ ಕಿತ್ತು ಹತ್ತು ಸೆಕೆಂಡ್ ಬಿಟ್ಟು ಮತ್ತೆ ಸಿಕ್ಕಿಸಿ. ವಿಂಡೋಸ್ ಆದರೆ ‘ಟಿಡಿಂಗ್’ ಎಂಬ ಸದ್ದು ಕೇಳಬೇಕು. ಸದ್ದು ಬಂತು, ಮೌಸ್ ಓಡಲಿಲ್ಲ ಅಂದರೆ ಡಾಂಗಲ್ ಮತ್ತು ಪೋರ್ಟ್ ಹೆಚ್ಚುಕಡಿಮೆ ಸರಿಯಿವೆ, ಮೌಸ್ ಅಥವಾ ಜೋಡಣೆಯಲ್ಲಿ ದೋಷ. ಸದ್ದೇ ಇಲ್ಲವೆಂದರೆ ಬೇರೆ ಪೋರ್ಟಿಗೆ ಹಾಕಿ. ಯುಎಸ್‌ಬಿ ಹಬ್, ಡಾಕ್ ಏನಿದ್ದರೂ ಪಕ್ಕಕ್ಕಿಟ್ಟು ಲ್ಯಾಪ್‌ಟಾಪಿನ ಪೋರ್ಟಿಗೇ ನೇರ ಹಾಕಬೇಕು. ಆ ಪೋರ್ಟಿನಲ್ಲಿ ಪೆನ್‌ಡ್ರೈವ್ ತೆರೆದುಕೊಂಡರೆ ಪೋರ್ಟ್ ಚೆನ್ನಾಗಿದೆ.

ಇನ್ನು ತಪ್ಪು ಡಾಂಗಲ್‌ನ ಸಮಸ್ಯೆ. ಮನೆಯಲ್ಲೋ ಕಚೇರಿಯಲ್ಲೋ ಎರಡು ಮೂರು ಮೌಸ್ ಇದ್ದರೆ ಡಾಂಗಲ್‌ಗಳು ಅದಲುಬದಲಾಗುತ್ತವೆ, ಮತ್ತು ನೋಡಲು ಎಲ್ಲವೂ ಒಂದೇ. ಹೆಚ್ಚಿನ ಅಗ್ಗದ ಮೌಸ್‌ಗಳು ಕಾರ್ಖಾನೆಯಲ್ಲೇ ಒಂದು ಡಾಂಗಲ್‌ಗೆ ಗಂಟು ಬಿದ್ದಿರುತ್ತವೆ. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಡಾಂಗಲ್ ತಂದರೂ ಒಪ್ಪುವುದಿಲ್ಲ. ಲಾಜಿಟೆಕ್‌ನ ಕೆಲವು ಮೌಸ್‌ಗಳು ಇದಕ್ಕೆ ಹೊರತು. 2009ರಲ್ಲಿ ಬಂದ ಯೂನಿಫೈಯಿಂಗ್ ರಿಸೀವರ್ ಮೇಲೆ ಕಿತ್ತಳೆ ಬಣ್ಣದ ನಕ್ಷತ್ರದಂಥ ಗುರುತಿದೆ, 2021ರಲ್ಲಿ ಬಂದ ಲಾಜಿ ಬೋಲ್ಟ್‌ಗೆ ಬೇರೆ ಗುರುತು. ಎರಡೂ ತಲಾ ಆರು ಸಾಧನಗಳನ್ನು ಸೇರಿಸಿಕೊಳ್ಳುತ್ತವೆ, ಆದರೆ ಒಂದರ ಮೌಸ್ ಇನ್ನೊಂದರ ರಿಸೀವರ್‌ಗೆ ಸೇರುವುದಿಲ್ಲ. ಹಾಗಾಗಿ ಬದಲಿ ರಿಸೀವರ್ ಕೊಳ್ಳುವ ಮೊದಲು ಮೌಸ್‌ನ ಅಡಿಯ ಗುರುತು ಯಾವುದು ನೋಡಿಕೊಳ್ಳಿ. ಗುರುತು ಹೊಂದಿದರೆ ಕಂಪನಿಯ ಜೋಡಣೆ ಸಾಫ್ಟ್‌ವೇರ್ ತೆರೆದು, ಅದು ಹೇಳಿದಂತೆ ಮೌಸ್ ಆಫ್ ಮಾಡಿ ಆನ್ ಮಾಡಿದರೆ ಅಥವಾ ಅದರ ಜೋಡಣೆ ಬಟನ್ ಒತ್ತಿ ಹಿಡಿದರೆ ಹೊಸ ರಿಸೀವರ್‌ಗೆ ಸೇರಿಕೊಳ್ಳುತ್ತದೆ. ಅಡಿಯಲ್ಲಿ ‘ಕನೆಕ್ಟ್’ ಬಟನ್ ಇರುವ ಬೇರೆ ಮೌಸ್‌ಗಳಲ್ಲಿ ಡಾಂಗಲ್ ಮರಳಿ ಸಿಕ್ಕಿಸಿದ ಕೂಡಲೇ, ಅದರ ಹತ್ತಿರವೇ ಹಿಡಿದು, ಆ ಬಟನ್ ಮೂರರಿಂದ ಐದು ಸೆಕೆಂಡ್ ಒತ್ತಬೇಕು.

ಅದಲುಬದಲು ಪರೀಕ್ಷೆ

ಇಲ್ಲಿಗೂ ಪತ್ತೆಯಾಗದಿದ್ದರೆ ಮೌಸ್ ಮತ್ತು ಡಾಂಗಲ್ ಎರಡನ್ನೂ ಇನ್ನೊಂದು ಕಂಪ್ಯೂಟರಿಗೆ ಹಾಕಿ. ಇನ್ನೊಂದು ಕಂಪ್ಯೂಟರ್ ಇಲ್ಲದಿದ್ದರೆ ಒಟಿಜಿ ಅಡಾಪ್ಟರ್ (ಫೋನಿನ ಚಾರ್ಜಿಂಗ್ ಕಿಂಡಿಗೆ ಯುಎಸ್‌ಬಿ ಸಾಧನ ಸೇರಿಸುವ ತುಣುಕು) ಮೂಲಕ ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿ. ಫೋನಿನ ಪರದೆಯ ಮೇಲೂ ಬಾಣ ಮೂಡುತ್ತದೆ. ಕೆಲವು ಫೋನ್‌ಗಳಲ್ಲಿ ಒಟಿಜಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕಾಗುತ್ತದೆ, ಅದು ನೆನಪಿರಲಿ. ಬ್ಲೂಟೂತ್ ಮೌಸ್ ಆದರೆ ಫೋನಿನ ಬ್ಲೂಟೂತ್‌ಗೇ ಜೋಡಿಸಿ ನೋಡಬಹುದು.

ಅಲ್ಲಿ ಓಡಿತು ಅಂದರೆ ಲ್ಯಾಪ್‌ಟಾಪಿನದೇ ದೋಷ, ಕೆಳಗೆ ಓದಿ. ಹೊಸ ಸೆಲ್ ಹಾಕಿಯೂ ಅಲ್ಲಿ ಓಡಲಿಲ್ಲ ಅಂದರೆ ದೋಷ ಮೌಸ್ ಅಥವಾ ಡಾಂಗಲ್‌ನದು, ಲ್ಯಾಪ್‌ಟಾಪನ್ನು ಪೀಡಿಸುವುದು ಬಿಟ್ಟುಬಿಡಿ.

ಲ್ಯಾಪ್‌ಟಾಪಿನ ಕಡೆ: ವಿಂಡೋಸ್

ಮೊದಲು ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಅದೇ ಅಲ್ಲವೇ ಎಂದು ಕೇಳಬಹುದು, ಅಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡ ಡ್ರೈವರ್ ಹಾಗೇ ಸಿಕ್ಕಿಕೊಂಡೇ ಏಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಅದರಿಂದ ಆಗದಿದ್ದರೆ ಡಿವೈಸ್ ಮ್ಯಾನೇಜರ್:

1. ‘ಮೈಸ್ ಅಂಡ್ ಅದರ್ ಪಾಯಿಂಟಿಂಗ್ ಡಿವೈಸಸ್’ ಬಿಡಿಸಿ. ಡಾಂಗಲ್ ಹಾಕಿದಾಗ ಅಲ್ಲಿ ‘ಎಚ್‌ಐಡಿ ಕಂಪ್ಲಯಂಟ್ ಮೌಸ್’ ಎಂಬ ಸಾಲು ಹೆಚ್ಚಾಗಬೇಕು, ಕಿತ್ತಾಗ ಕಡಿಮೆಯಾಗಬೇಕು. ಟಚ್‌ಪ್ಯಾಡಿನದೂ ಒಂದು ಸಾಲು ಅಲ್ಲಿರಬಹುದು. ಅದಕ್ಕೇ ಹಾಕಿ-ಕಿತ್ತು ನೋಡಬೇಕು.
2. ಹಳದಿ ತ್ರಿಕೋನ ಇದ್ದರೆ ಆ ಸಾಲಿನ ಮೇಲೆ ಎಂಟರ್ ಒತ್ತಿ ಕೋಡ್ ಸಂಖ್ಯೆ ಓದಿ. ಕೋಡ್ 10 ಅಂದರೆ ಸಾಧನ ಶುರುವಾಗಲಿಲ್ಲ. ಕೋಡ್ 43 ಅಂದರೆ ಸಾಧನವೇ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ಬೇರೆ ಬೇರೆ ಪೋರ್ಟಿನಲ್ಲೂ 43 ಬಂದರೆ ಡಾಂಗಲ್ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು.
3. ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಒತ್ತಿ. ಹೆದರಬೇಡಿ. ಡಾಂಗಲ್ ಕಿತ್ತು, ರೀಸ್ಟಾರ್ಟ್ ಮಾಡಿ, ಮತ್ತೆ ಸಿಕ್ಕಿಸಿದರೆ ವಿಂಡೋಸ್ ತಾನೇ ಅದನ್ನು ಹೊಸದಾಗಿ ಸೇರಿಸಿಕೊಳ್ಳುತ್ತದೆ.

ಮೌಸ್ ಚೆನ್ನಾಗಿಯೇ ಓಡುತ್ತಿದ್ದು ಸ್ವಲ್ಪ ಹೊತ್ತು ಬಿಟ್ಟಾಗ ಮಾತ್ರ ಸಾಯುತ್ತದೆ, ಡಾಂಗಲ್ ಕಿತ್ತು ಹಾಕಿದರೆ ಮತ್ತೆ ಬದುಕುತ್ತದೆ ಅಂದರೆ ಅಪರಾಧಿ ವಿದ್ಯುತ್ ಉಳಿತಾಯ. ಸುಮ್ಮನಿರುವ ಯುಎಸ್‌ಬಿ ಪೋರ್ಟನ್ನು ವಿಂಡೋಸ್ ಮಲಗಿಸುತ್ತದೆ. ಕೆಲವು ಡಾಂಗಲ್‌ಗಳಿಗೆ ಆ ನಿದ್ದೆಯಿಂದ ಏಳಲು ಬರುವುದಿಲ್ಲ. ಡಿವೈಸ್ ಮ್ಯಾನೇಜರ್‌ನ ಕೊನೆಯಲ್ಲಿರುವ ‘ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಬಿಡಿಸಿ, ಪ್ರತಿ ‘ಯುಎಸ್‌ಬಿ ರೂಟ್ ಹಬ್’ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬಿಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬರ್ಥದ ಟಿಕ್ ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒಳಗೆ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಕಂಡರೆ ಅದನ್ನೂ ಡಿಸೇಬಲ್ ಮಾಡಿ. ಎಲ್ಲ ಲ್ಯಾಪ್‌ಟಾಪಿನಲ್ಲಿ ಅದು ಕಾಣುವುದಿಲ್ಲ, ಆಗ ಮೊದಲನೆಯದೇ ಸಾಕು. ಲ್ಯಾಪ್‌ಟಾಪಿನ ಬ್ಯಾಟರಿ ತುಸು ಬೇಗ ಇಳಿಯಬಹುದು, ಅಷ್ಟೇ ನಷ್ಟ. ಅಂದಹಾಗೆ, ಐದಾರು ನಿಮಿಷ ಬಿಟ್ಟ ಮೌಸ್ ಒಂದು ಕ್ಲಿಕ್ ಮಾಡಿದ ಮೇಲೆ ಏಳುವುದು ರೋಗವಲ್ಲ. ಸೆಲ್ ಉಳಿಸಲು ಅದು ತಾನೇ ಮಲಗಿರುತ್ತದೆ.

ಬ್ಲೂಟೂತ್ ಮೌಸ್ ಆದರೆ

ಇಲ್ಲಿ ಬಹುಪಾಲು ತಕರಾರು ಹಳೆಯ ಜೋಡಣೆಯದು. ಪಟ್ಟಿಯಲ್ಲಿ ಮೌಸ್ ಹೆಸರು ‘ಪೇರ್ಡ್’ ಎಂದು ತೋರಿಸುತ್ತಿದ್ದರೂ ‘ಕನೆಕ್ಟೆಡ್’ ಆಗುವುದಿಲ್ಲ. ಅದನ್ನೇ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ‘ರಿಮೂವ್ ಡಿವೈಸ್’ ಕೊಟ್ಟು ಪೂರ್ತಿ ಅಳಿಸಿ, ಹೊಸದಾಗಿ ಜೋಡಿಸಿ:

1. ಮೌಸ್ ಈ ಹಿಂದೆ ಸೇರಿದ್ದ ಫೋನ್, ಟ್ಯಾಬ್ಲೆಟ್, ಹಳೆಯ ಲ್ಯಾಪ್‌ಟಾಪ್‌ಗಳ ಬ್ಲೂಟೂತ್ ಆಫ್ ಮಾಡಿ. ಪಕ್ಕದ ಕೋಣೆಯ ಟ್ಯಾಬ್ಲೆಟ್ ಮೌಸನ್ನು ಸದ್ದಿಲ್ಲದೆ ಎಳೆದುಕೊಂಡಿರುತ್ತದೆ.
2. ಮೌಸ್‌ನ ಪೇರಿಂಗ್ ಬಟನ್ ಮೂರರಿಂದ ಐದು ಸೆಕೆಂಡ್, ದೀಪ ಬೇಗಬೇಗ ಮಿಟುಕುವವರೆಗೆ ಒತ್ತಿ ಹಿಡಿಯಿರಿ. ನಿಧಾನ ಮಿಟುಕು ಸಾಮಾನ್ಯವಾಗಿ ಹಳೆಯ ಸಂಗಾತಿಯನ್ನು ಹುಡುಕುವ ಸ್ಥಿತಿ.
3. ಸೆಟ್ಟಿಂಗ್ಸ್‌ನ ‘ಬ್ಲೂಟೂತ್ ಅಂಡ್ ಡಿವೈಸಸ್’ನಲ್ಲಿ ‘ಆ್ಯಡ್ ಡಿವೈಸ್’, ಅದರೊಳಗೆ ‘ಬ್ಲೂಟೂತ್’. ಹೆಸರು ಬಂದ ಕೂಡಲೇ ಒತ್ತಿ. ತಡಮಾಡಿದರೆ ಮೌಸ್ ಪೇರಿಂಗ್‌ನಿಂದ ಹೊರಬಂದಿರುತ್ತದೆ.
4. ವಿಂಡೋಸ್ 11ರಲ್ಲಿ ಹೆಸರೇ ಬಾರದಿದ್ದರೆ ಅದೇ ಪುಟದ ‘ಡಿವೈಸಸ್’ ಒಳಗೆ ‘ಬ್ಲೂಟೂತ್ ಡಿವೈಸಸ್ ಡಿಸ್ಕವರಿ’ಯನ್ನು ಡಿಫಾಲ್ಟ್‌ನಿಂದ ಅಡ್ವಾನ್ಸ್ಡ್‌ಗೆ ಬದಲಿಸಿ. ಡಿಫಾಲ್ಟ್‌ನಲ್ಲಿ ಎಲ್ಲ ಸಾಧನಗಳನ್ನೂ ಅದು ತೋರಿಸುವುದಿಲ್ಲ.
5. ಹಳೆಯ ಮೌಸ್ ಪಿನ್ ಕೇಳಿದರೆ ನಾಲ್ಕು ಸೊನ್ನೆ ಹಾಕಿ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಸ್ವಿಚ್ಚೇ ಕಾಣೆಯಾಗಿದ್ದರೆ ಅದು ಮೌಸ್‌ನ ವಿಷಯವಲ್ಲ. ಲ್ಯಾಪ್‌ಟಾಪ್ ತನ್ನ ಬ್ಲೂಟೂತ್ ಚಿಪ್ಪನ್ನೇ ಕಳೆದುಕೊಂಡಿದೆ. ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದು, ಬಳಿಕ ಆನ್ ಮಾಡಿ. ಬಹಳ ಸಲ ಇಷ್ಟಕ್ಕೇ ಮರಳುತ್ತದೆ. ಇಲ್ಲವಾದರೆ, ಡ್ರೈವರ್ ನಿಜವಾಗಿಯೂ ಬೇಕಾಗುವ ಜಾಗ ಇದೇ. ಬೇಕಾದದ್ದು ಮೌಸ್‌ನದಲ್ಲ, ಬ್ಲೂಟೂತ್ ಅಡಾಪ್ಟರ್‌ನದು. ತರಬೇಕಾದದ್ದು ಲ್ಯಾಪ್‌ಟಾಪ್ ತಯಾರಕರ ತಾಣದಿಂದ, ನಿಮ್ಮ ಮಾದರಿ ಸಂಖ್ಯೆ ಹಾಕಿ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇಟ್ಟುಕೊಂಡವರಿಗೆ ಒಂದು ವಿಚಿತ್ರ ಕಾಟವಿದೆ: ಒಂದರಲ್ಲಿ ಜೋಡಿಸಿದರೆ ಇನ್ನೊಂದರಲ್ಲಿ ಮೌಸ್ ಸತ್ತಿರುತ್ತದೆ. ಎರಡಕ್ಕೂ ಬ್ಲೂಟೂತ್ ವಿಳಾಸ ಒಂದೇ, ಆದರೆ ಜೋಡಿಸಿದಾಗಲೆಲ್ಲ ಹೊಸ ಗುಪ್ತ ಕೀ ಹುಟ್ಟಿ ಮೌಸ್‌ನೊಳಗಿನ ಹಳೆಯ ಕೀ ಅಳಿಸಿಹೋಗುತ್ತದೆ. ಮೂರು ಸಾಧನದ ಮೌಸ್ ಇದ್ದರೆ ವಿಂಡೋಸ್‌ಗೆ 1, ಲಿನಕ್ಸ್‌ಗೆ 2 ಎಂದು ಹಂಚಿಬಿಟ್ಟು ನೋಡಿ. ಇಲ್ಲವಾದರೆ ಡಾಂಗಲ್ ಮೌಸ್ ಬಳಸುವುದೇ ನೆಮ್ಮದಿ.

ಮ್ಯಾಕ್, ಲಿನಕ್ಸ್

ಆಪಲ್ ಸಿಲಿಕಾನ್ (ಆಪಲ್‌ನದೇ ಚಿಪ್ ಇರುವ) ಮ್ಯಾಕ್‌ಬುಕ್‌ಗಳಲ್ಲಿ ಮ್ಯಾಕ್‌ಓಎಸ್ ವೆಂಚುರಾದಿಂದ ಈಚೆಗೆ ಹೊಸ ಯುಎಸ್‌ಬಿ ಸಾಧನ ಸಿಕ್ಕಿಸಿದಾಗ ಅನುಮತಿ ಕೇಳುವ ಕಿಟಕಿ ಬರುತ್ತದೆ. ಗಡಿಬಿಡಿಯಲ್ಲಿ ಬೇಡ ಅಂದಿದ್ದರೆ ಡಾಂಗಲ್ ಕಿತ್ತು ಮತ್ತೆ ಹಾಕಿ ‘ಅಲೌ’ ಒತ್ತಿ. ಇನ್ನೊಂದು ಬಲೆ ಆ್ಯಕ್ಸೆಸಿಬಿಲಿಟಿಯ ಪಾಯಿಂಟರ್ ಕಂಟ್ರೋಲ್‌ನಲ್ಲಿದೆ: ಮೌಸ್ ಇದ್ದಾಗ ಟ್ರ್ಯಾಕ್‌ಪ್ಯಾಡ್ ಕಡೆಗಣಿಸುವ ಆಯ್ಕೆ. ಅದು ಆನ್ ಇದ್ದು ಮೌಸ್ ಅರೆಬರೆ ಸೇರಿದ್ದರೆ ಎರಡೂ ಸತ್ತಂತೆ ಕಾಣುತ್ತವೆ. ಮೌಸ್ ಆಫ್ ಮಾಡಿದರೆ ಟ್ರ್ಯಾಕ್‌ಪ್ಯಾಡ್ ಏಳುತ್ತದೆ.

ಲಿನಕ್ಸ್‌ನಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಆದೇಶ ಕೊಟ್ಟು ಡಾಂಗಲ್ ಸಾಲು ಇದೆಯೇ ನೋಡಿ. ಬ್ಲೂಟೂತ್ ಆದರೆ ವೈರ್‌ಲೆಸ್ ಸಾಧನಗಳ ಸ್ಥಿತಿ ತೋರಿಸುವ ‘ಆರ್‌ಎಫ್‌ಕಿಲ್’ (rfkill) ಪಟ್ಟಿಯಲ್ಲಿ ಅದು ಬ್ಲಾಕ್ ಆಗಿದೆಯೇ ನೋಡಿ. ಲಾಜಿಟೆಕ್ ರಿಸೀವರ್‌ಗೆ ಮೌಸ್ ಜೋಡಿಸಲು ಸೋಲಾರ್ (Solaar) ಎಂಬ ತಂತ್ರಾಂಶ ಇದೆ.

ಓಡುತ್ತದೆ, ಆದರೆ ಕುಂಟುತ್ತದೆ

ಬಾಣ ಜಿಗಿಯುತ್ತದೆ, ತಡೆಯುತ್ತದೆ, ಸೆಲ್ ಹೊಸದು. ಇದರ ಹಿಂದೆ ಹಲವರಿಗೆ ಹೊಳೆಯದ ಕಾರಣವೊಂದಿದೆ: ಯುಎಸ್‌ಬಿ 3. ಯುಎಸ್‌ಬಿ 3ರ ಪೋರ್ಟ್, ಕೇಬಲ್ ಮತ್ತು ಡಿಸ್ಕ್‌ಗಳು ಡೇಟಾ ಸಾಗಿಸುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ರೇಡಿಯೊ ಗದ್ದಲ ಎಬ್ಬಿಸುತ್ತವೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಫೈಲ್ ನಕಲು ಮಾಡುವಾಗ ಮಾತ್ರ ಮೌಸ್ ಕುಂಟಿದರೆ ಇನ್ನು ಅನುಮಾನವೇ ಬೇಡ. ಡಾಂಗಲನ್ನು ಲ್ಯಾಪ್‌ಟಾಪಿನ ಇನ್ನೊಂದು ಬದಿಗೆ ಹಾಕಿ. ಆಗದಿದ್ದರೆ ಒಂದು ಮೀಟರ್ ಒಳಗಿನ ಯುಎಸ್‌ಬಿ 2 ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಮೌಸ್ ಪಕ್ಕದಲ್ಲೇ ಇಡಿ. ವೈಫೈ 2.4ರಲ್ಲಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಿಸಿದರೂ ಗಲಾಟೆ ತಗ್ಗುತ್ತದೆ.

ಇನ್ನು ಅಡಿಯ ಕಣ್ಣು. ಮಗುಚಿ ಬೆಳಕಿಗೆ ಹಿಡಿದರೆ ಆ ಸಣ್ಣ ಕಿಂಡಿಗೆ ಅಡ್ಡಲಾಗಿ ಒಂದೇ ಒಂದು ಕೂದಲು ಬಿದ್ದಿರುವುದು ಕಾಣಬಹುದು. ಮೇಜಿನ ಮೇಲ್ಮೈಯ ಚಿತ್ರಗಳನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು ಹೋಲಿಸಿಯೇ ಮೌಸ್ ಚಲನೆ ಲೆಕ್ಕ ಹಾಕುವುದು. ಪ್ರತಿ ಚಿತ್ರದಲ್ಲೂ ಅದೇ ಕೂದಲು ಅದೇ ಜಾಗದಲ್ಲಿದ್ದರೆ ಮೌಸ್ ನಿಂತಿದೆ ಎಂದೇ ಅದಕ್ಕೆ ತೋರಬಹುದು. ಊದಿ, ಒಣ ಹತ್ತಿಕಡ್ಡಿಯಿಂದ ತೆಗೆಯಿರಿ. ಗಾಜಿನ ಮೇಜು, ಹೊಳಪಿನ ಮೇಲ್ಮೈ ಮೇಲೂ ಹೀಗೇ. ಒಂದು ಬಿಳಿ ಕಾಗದ ಹಾಸಿ ನೋಡಿ, ಸರಿಯಾಗಿ ಓಡಿದರೆ ಪ್ಯಾಡ್ ಬೇಕು ಎಂದು ತಿಳಿಯಿತು.

ಒಂದು ಕ್ಲಿಕ್ಕಿಗೆ ಎರಡು ಕ್ಲಿಕ್ ಆಗುವುದು, ಫೈಲ್ ಎಳೆಯುವಾಗ ಮಧ್ಯದಲ್ಲೇ ಕೈಬಿಟ್ಟುಹೋಗುವುದು ರೇಡಿಯೊ ದೋಷವಲ್ಲ, ಬಟನ್ ಕೆಳಗಿನ ಮೈಕ್ರೋಸ್ವಿಚ್ ಸವೆದಿದೆ. ಸೆಟ್ಟಿಂಗ್ಸ್‌ನಲ್ಲಿ ಎಡ-ಬಲ ಬಟನ್ ಅದಲುಬದಲು ಮಾಡಿ ನೋಡಿ: ತೊಂದರೆ ಅದೇ ಬೆರಳಿನ ಬಟನ್‌ನಲ್ಲಿ ಉಳಿದರೆ ಸ್ವಿಚ್ಚಿನದೇ. ಬೆಸುಗೆ ಗೊತ್ತಿರುವವರು ಸ್ವಿಚ್ ಬದಲಿಸಬಹುದು. ಸ್ಕ್ರೂಗಳು ಸಾಮಾನ್ಯವಾಗಿ ಅಡಿಯ ನುಣುಪು ಪಾದಗಳ ಅಥವಾ ಸ್ಟಿಕ್ಕರಿನ ಕೆಳಗೆ ಅಡಗಿರುತ್ತವೆ. ಉಳಿದವರು ಆ ಎಡ-ಬಲ ಅದಲುಬದಲನ್ನೇ ಉಳಿಸಿಕೊಂಡು, ಹೆಚ್ಚು ಸವೆಯದ ಬಟನ್ನಿಗೆ ಮುಖ್ಯ ಕೆಲಸ ಕೊಟ್ಟು ಇನ್ನಷ್ಟು ದಿನ ದೂಡಬಹುದು. ಮೌಸ್ ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ ತೆಗೆದು, ಡಾಂಗಲನ್ನು ಬ್ಯಾಟರಿ ಗೂಡಿನೊಳಗೇ ಹಾಕಿಡಿ.